ಒಗರಿಲ್ಲದ ಬೇರು

ನಂದಗುಡಿ
ಮಾಘ ಮಾಸ, 1979

ಸಪ್ಪಲಮ್ಮನವರಿಗೆ ಅಮ್ಮಯಮ್ಮ ಮಾಡುವ ನಮಸ್ಕಾರ.

ಬೀಗಿತ್ತಿ ಅಂತ ಬರೆಯೋಕೆ ಕೈ ಹೋಯ್ತು, ತಡೆದೆ.

ಹೋದ ವರ್ಷ ನಮ್ಮ ಮಕ್ಕಳ ಮದುವೆಗೆ ಚಪ್ಪರ ಹಾಕಿದ ದಿನ ಬಂದವರು ನೀವು ನೇರ ಮೊಳಕೆ ಕುಡಿಕೆಗಳ ಮುಂದೆ ಕೂತಿರಿ. ನನ್ನ ಮಗಳು ಭಾಗ್ಯಮ್ಮ ತಾನೇ ಬಿತ್ತಿ, ಮಡಿಯಲ್ಲಿ ನೀರು ಚಿಮುಕಿಸಿದ್ದ ಹುರುಳಿ. ಸಸಿಗಳು ಒರಗಿದ್ದವು. ಒಂದನ್ನು ಎತ್ತಿದಿರಿ. ಬೆಳ್ಳನೆ ಬೇರು ಬೆರಳಲ್ಲೇ ಗಂಜಿಯಂತೆ ಕರಗಿತು. “ಬೇರೇ ನಿಲ್ಲಿಸದ ಕೈ ನಮ್ಮ ವಂಶ ನಿಲ್ಲಿಸುತ್ತೇನಮ್ಮಾ?” ಅಂದು ಗಾಡಿ ಕಟ್ಟಿಸಿದಿರಿ. ಅವಳಿಗೆ ಆಗಲೇ ಅರಿಶಿನ ಹಚ್ಚಿ ಆಗಿತ್ತು.

ಆ ಬೀಜ ತಂದದ್ದು ನನ್ನ ತಮ್ಮ ಗಂಗಣ್ಣ. ಬೆಂಗಳೂರಲ್ಲಿ ಬೀಜ ಪರೀಕ್ಷೆ ಮಾಡುವ ಕಡೆ ಗಾಜಿನ ಸಾಮಾನು ತೊಳೆಯುವ ಕೆಲಸ ಅವನಿಗೆ. ಅಲ್ಲಿ ನೆನೆಸಿ ಒಣಗಿಸಿಟ್ಟದ್ದರಲ್ಲಿ ಮಿಕ್ಕ ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದು, “ಒಂದೂ ಜೊಳ್ಳಿಲ್ಲ ಕಣಕ್ಕಾ” ಅಂತ ಬೀಗುತ್ತಾ ಕೊಟ್ಟ. ಮೊನ್ನೆ ಅಲ್ಲಿ ಪರೀಕ್ಷೆ ಮಾಡುವ ಮೇಷ್ಟ್ರು ಅವನಿಗೆ ಬಿಡಿಸಿ ಹೇಳಿದರಂತೆ. ಬಾಳೆಕಾಯಿ ಹೆಚ್ಚಿದರೆ ಕೈ ಕಪ್ಪಾಗುತ್ತಲ್ಲ, ಅಂಥ ಒಗರು ಎಳೆ ಬೇರಿನಲ್ಲೂ ಹುಟ್ಟುತ್ತದೆ. ಬೂಷ್ಟು ಹತ್ತದ ಹಾಗೆ ಕಾಯೋದು ಅದೇ. ಆ ಒಗರೇ ಹುಟ್ಟದಂತೆ ಮಾಡುವ ಔಷಧಿಯಲ್ಲಿ ಆ ಹುರುಳಿ ನೆನೆದಿತ್ತು, ಬೇರು ಏನಾಗುತ್ತೆ ಅಂತ ನೋಡೋಕೆ. ಅವರು ನೋಡಬೇಕಿದ್ದುದನ್ನು ನಾವು ನೋಡಿದೆವು.

ಅದು ದೇವರು ತೋರಿಸಿದ ಶಕುನ ಅಲ್ಲಮ್ಮ. ದಿನಾ ಮುನೇಶ್ವರನಿಗೆ ದೀಪ ಹಚ್ಚುವವಳು ಹೇಳ್ತಿದೀನಿ. ಆದರೆ ಊರಲ್ಲಿ ಯಾರೂ ಭಾಗ್ಯಳ ಕೈಗೆ ಬಿತ್ತನೆ ಕಾಳು ಕೊಡೋದಿಲ್ಲ. ನಮ್ಮ ಹೊಲದಲ್ಲೂ ಅವಳು ಬದುವಿನ ಮೇಲೆ ನಿಲ್ತಾಳೆ. ಯಾವ ಪೈರು ಬಾಡಿದರೂ ಕಿತ್ತು ಬೇರು ನೋಡ್ತಾಳೆ. ಔಷಧಿ ವಿಷಯ ಹೇಳಿದೆ. “ಎಷ್ಟೊಂದು ಮದುವೆ ಆದವು. ಅದು ನನ್ನ ಕುಡಿಕೆಗೇ ಯಾಕೆ ಬಂತವ್ವಾ?” ಅಂದಳು.

ನಿಮ್ಮ ಮಗನಿಗೆ ಬೇರೆ ಕಡೆ ಆಯ್ತು, ಚೆನ್ನಾಗಿರಲಿ. ಆ ನಂಟು ಕೇಳ್ತಿಲ್ಲ. ಈ ತಿಂಗಳು ನಿಮ್ಮ ಮಗಳ ಮದುವೆಗೆ ಮೊಳಕೆ ಹಾಕ್ತೀರಂತೆ. ಮೊದಲ ಹಿಡಿ ಭಾಗ್ಯಳ ಕೈಯಲ್ಲಿ ಹಾಕಿಸಿ. ನಿಮ್ಮದೇ ಬೀಜ, ನಿಮ್ಮದೇ ಮಣ್ಣು, ನಿಮ್ಮದೇ ನೀರು. ನೀವಂದ ಮಾತು ನೀವೇ ಅಳಿಸಬೇಕು. ನಾನು ಎಷ್ಟು ಹೇಳಿದರೂ ಅದು ಹೆತ್ತವಳ ಮಾತು.

ಭಯ ಆದರೆ ಕರೆಯಬೇಡಿ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಕರೀತಿದ್ದೆನೋ ಇಲ್ಲವೋ, ದೇವರಾಣೆ ಹೇಳಲಾರೆ. ಈ ಕಾಗದ ಬರೆದದ್ದು ಅವಳಿಗೆ ಗೊತ್ತಿಲ್ಲ. ಕರೆ ಬರದಿದ್ದರೆ ಗೊತ್ತಾಗೋದೂ ಇಲ್ಲ.

ನಿಮ್ಮ ಮಗಳ ಕುಡಿಕೆ ತುಂಬ ಹಸಿರು ನಿಲ್ಲಲಿ.

ಇಂತಿ,
ಭಾಗ್ಯಳ ತಾಯಿ ಅಮ್ಮಯಮ್ಮ