ನಾಲ್ಕನೇ ಮಹಡಿಯವರೆಗೆ ಬರದ ‘ಆಲ್ರೆಡಿ’

ವಸತಿಗೃಹಗಳ ನಿರ್ವಹಣಾಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಕಟ್ಟಡದ ಲಿಫ್ಟು ಕೆಟ್ಟು ಹನ್ನೊಂದು ತಿಂಗಳಾಯಿತು. ಗಾಲಿಕುರ್ಚಿಯಲ್ಲಿರುವ ನನ್ನ ಅಕ್ಕ ಅಂದಿನಿಂದ ನಾಲ್ಕನೇ ಮಹಡಿ ಬಿಟ್ಟು ಕೆಳಗಿಳಿದಿಲ್ಲ. ಕೆಳಗಿನ ಬೀದಿಯಲ್ಲಿ ಅವಳದೇ ಹೊಲಿಗೆ ಅಂಗಡಿಯಿತ್ತು; ಈಗ ಅಲ್ಲಿ ಯಾರೋ ಮೊಬೈಲ್ ಕವರ್ ಮಾರುತ್ತಾರೆ. ಇಷ್ಟರಲ್ಲಿ ತಾವು ನನಗೆ ಇಂಗ್ಲಿಷಿನಲ್ಲಿ ಒಂಬತ್ತು ಉತ್ತರ ಬರೆದಿದ್ದೀರಿ.

ನಾನು ಹೊಟ್ಟೆಪಾಡಿಗೆ ಜನರಿಗೆ ದಿನಬಳಕೆಯ ಇಂಗ್ಲಿಷ್ ಕಲಿಸುವವಳು. ಹಾಗಾಗಿ ತಮ್ಮ ಪತ್ರಗಳನ್ನು ಮೇಷ್ಟ್ರ ಕಣ್ಣಿನಿಂದಲೇ ಓದಿದೆ. ಮೊದಲನೆಯದು: ‘ವಿ ಹ್ಯಾವ್ ಜಸ್ಟ್ ರಿಸೀವ್ಡ್ ಯುವರ್ ಕಂಪ್ಲೇಂಟ್.’ ದೂರು ಕೊಟ್ಟು ಏಳು ವಾರವಾಗಿತ್ತು! ಸ್ವಾಮಿ, ಜನ ‘ಐ ಹ್ಯಾವ್ ಜಸ್ಟ್ ಈಟನ್’ ಅನ್ನುವುದು ತೊಳೆದ ಕೈ ಇನ್ನೂ ಒದ್ದೆಯಿರುವಾಗ. ಏಳು ವಾರ ಒಣಗದ ಕೈ ಯಾರದು? ಎರಡನೆಯದರಿಂದ ಎಂಟನೆಯದರವರೆಗೂ ಒಂದೇ ರಾಗ: ‘ದಿ ಪಾರ್ಟ್ ಹ್ಯಾಸ್ ನಾಟ್ ಅರೈವ್ಡ್ ಯೆಟ್.’ ಯೆಟ್ ಎಂದರೆ ಇಂದಲ್ಲ ನಾಳೆ ಬರುತ್ತದೆಂಬ ಭರವಸೆ. ಬಸ್ಸಿಗೆ ಕಾದು ನಿಂತವರ ಮಾತು. ಅಕ್ಕ ಅದನ್ನು ನಂಬಿ ಹೊರಗೆ ಹೋಗುವ ಬಟ್ಟೆಗೆ ಇಸ್ತ್ರಿ ಹಾಕಿಟ್ಟುಕೊಂಡಳು.

ಒಂಬತ್ತನೆಯದಂತೂ ಎಲ್ಲವನ್ನೂ ಮೀರಿಸಿತು: ‘ದಿ ಲಿಫ್ಟ್ ಹ್ಯಾಸ್ ಆಲ್ರೆಡಿ ಬೀನ್ ರಿಪೇರ್ಡ್.’ ಆಲ್ರೆಡಿ! ‘ಅರೆ, ಇಷ್ಟು ಬೇಗ ಆಗಿಹೋಯಿತೇ?’ ಎಂದು ಕೇಳುಗರು ಹುಬ್ಬೇರಿಸಬೇಕಾದ ಮಾತು. ಓಡಿಹೋಗಿ ಲಿಫ್ಟಿನ ಗುಂಡಿ ಒತ್ತಿದೆ. ಗುಂಡಿಯೇ ಕಳಚಿ ಕೈಗೆ ಬಂತು.

ತಮ್ಮ ಕಚೇರಿಗೆ ಬಂದು ವಿಚಾರಿಸಿದಾಗ ಗುಮಾಸ್ತರೊಬ್ಬರು ನಗುತ್ತಲೇ ಗುಟ್ಟು ಬಿಚ್ಚಿದರು.

“ಮೇಡಂ, ಒಂದು ದೂರಿಗೆ ಎಂಟು ಸಲ ಏನ್ ಬೇಕಾದ್ರೂ ಬರೀಬಹುದು. ಒಂಬತ್ತನೇದು ಆಲ್ರೆಡಿ ಆಗ್ಲೇಬೇಕು. ವರ್ಷದ ಕೊನೇಲಿ ಫೈಲ್ ಮುಚ್ಬೇಕಲ್ಲ?”

“ಮತ್ತೆ ಲಿಫ್ಟು?”

“ಲಿಫ್ಟ್ ಬೇರೆ ಸೆಕ್ಷನ್ನು. ನಮ್ದು ಬರೀ ಪತ್ರ.”

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಕಿಟಕಿಯತ್ತಲೇ ನೋಡುತ್ತ, “ಹೋಗ್ಲಿ ಬಿಡೇ, ನಂಗೂ ಇಲ್ಲೇ ರೂಢಿ ಆಯ್ತು” ಎಂದಳು. ಲಿಫ್ಟು ಕೆಟ್ಟದ್ದನ್ನು ಕ್ಷಮಿಸಿಯೇನು, ಅವಳ ಬಾಯಲ್ಲಿ ಆ ಮಾತು ಬರಿಸಿದ್ದನ್ನು ಕ್ಷಮಿಸಲಾರೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು, ಮಾನ್ಯರೇ. ತಮ್ಮ ಬಡ್ತಿಗೆ ಇಂಗ್ಲಿಷ್ ಮೌಖಿಕ ಪರೀಕ್ಷೆ ಕಡ್ಡಾಯವಲ್ಲವೇ? ಈ ವರ್ಷ ಇಲಾಖೆ ಹೊರಗಿನಿಂದ ನೇಮಿಸಿದ ಪರೀಕ್ಷಕಿ ನಾನು. ಸ್ಥಳ ಗೊತ್ತುಮಾಡುವ ಹಕ್ಕೂ ನನ್ನದೇ. ನಮ್ಮ ಮನೆಯನ್ನೇ ಬರೆದುಕೊಟ್ಟೆ, ಮಂಜೂರೂ ಆಯಿತು. ಎಂಬತ್ತೆಂಟು ಮೆಟ್ಟಿಲು. ತಮಗೆ ಮಂಡಿನೋವಂತೆ, ಕೇಳಿ ಬಲು ಸಂತೋಷವಾಯಿತು. ಹೆದರಬೇಡಿ, ಅಂಕದಲ್ಲಿ ಮೋಸ ಮಾಡುವುದಿಲ್ಲ. ನನಗೆ ತಮ್ಮ ಕಚೇರಿಯ ತರಬೇತಿ ಆಗಿಲ್ಲ. ಮೊದಲ ಪ್ರಶ್ನೆ ಮಾತ್ರ ಅಕ್ಕನೇ ಕೇಳುತ್ತಾಳೆ: ‘ಹ್ಯಾವ್ ಯು ರಿಪೇರ್ಡ್ ಇಟ್ ಯೆಟ್?’ ವಾರದಿಂದ ಅಭ್ಯಾಸ ಮಾಡುತ್ತಿದ್ದಾಳೆ.

ನನ್ನ ಬೇಡಿಕೆ ಒಂದೇ. ಪರೀಕ್ಷೆ ಬರುವ ಹದಿನಾಲ್ಕನೇ ತಾರೀಖು; ಅಷ್ಟರೊಳಗೆ ಲಿಫ್ಟು ಓಡಲಿ. ಓಡಿದರೆ ಅಕ್ಕ ತಾನೇ ಕೆಳಗಿಳಿದು ತಮ್ಮನ್ನು ಬಾಗಿಲಲ್ಲಿ ಎದುರುಗೊಳ್ಳುತ್ತಾಳೆ. ಓಡದಿದ್ದರೆ ಎಂಬತ್ತೆಂಟೂ ಹತ್ತಿ ಬನ್ನಿ. ಏದುಸಿರು ಬಿಡುತ್ತ, ಅವಳ ಮುಖ ನೋಡಿಕೊಂಡು, ‘ಆಲ್ರೆಡಿ’ ಅನ್ನಿ.

ಇಂತಿ,
ತಮ್ಮ ಕಡತದಲ್ಲಿ ಎಂದೋ ಕೆಳಗಿಳಿದುಹೋದವಳ ತಂಗಿ