ಮಾತ್ರೆಯ ಹೆಸರು

ಅತ್ತೆಯವರಿಗೆ ನಮಸ್ಕಾರಗಳು.

ಫೋನ್ ಮಾಡಿದರೆ ಇವರಿಗೆ ಎಚ್ಚರವಾದೀತೆಂದು ಮೆಸೇಜಿನಲ್ಲೇ ಬರೆಯುತ್ತಿದ್ದೇನೆ. ಎರಡು ವರ್ಷದಿಂದ ಕಾದಿದ್ದ ಸೂಪರ್‌ಹೀರೋ ಸಿನಿಮಾ ಹನಿಮೂನಿಗೆ ಬಂದ ಊರಲ್ಲೇ ಸಿಕ್ಕಿತೆಂದು ಇವರು ಮಧ್ಯಾಹ್ನ ಕರೆದುಕೊಂಡು ಹೋದರು. ನಾಯಕ ಹಾರಿದಾಗ ಪರದೆ ತುಂಬ ಬೆಳಕು ಪಟಪಟನೆ ಮಿಂಚಿತು. ನನ್ನ ಕೈಯಲ್ಲಿದ್ದ ಇವರ ಕೈ ಸೆಟೆದುಕೊಂಡಿತು. ಜನ ಚಪ್ಪಾಳೆ ಹೊಡೆಯುತ್ತಿದ್ದರು, ಇವರು ಕೆಳಗೆ ಬಿದ್ದು ಒದ್ದಾಡುತ್ತಿದ್ದರು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರು, "ಈ ಫಿಟ್ಸ್ ಚಿಕ್ಕಂದಿನಿಂದ ಇದೆ. ಮಾತ್ರೆ ಮನೇಲೇ ಮರೆತೆ. ಬಿಟ್ಟು ಹೋಗ್ತೀಯಾ?" ಎಂದರು.

"ಇಲ್ಲ" ಎಂದೆ.

ಡಾಕ್ಟರ್ ಮಾತ್ರೆಯ ಹೆಸರು ಕೇಳುತ್ತಿದ್ದಾರೆ; ಇವರು ಅದು ನೆನಪಾಗದೆ ಮತ್ತೆ ನಿದ್ದೆಹೋಗಿದ್ದಾರೆ. ಹಳೆಯ ಚೀಟಿಯ ಫೋಟೊ ತಕ್ಷಣ ಕಳಿಸಿ. ನನಗೇಕೆ ಮೊದಲೇ ಹೇಳಲಿಲ್ಲವೆಂದು ಈಗ ಕೇಳುವುದಿಲ್ಲ. ಮಲಗಿದವರ ರೆಪ್ಪೆ ಅದುರಿದರೂ ಎದ್ದು ಹೋಗಿ ನೋಡುತ್ತಿದ್ದೇನೆ. ಹೀಗಾದಾಗ ನೀವು ಏನೇನು ಮಾಡುತ್ತಿದ್ದಿರಿ, ಅದನ್ನೂ ಬರೆಯಿರಿ. ಇನ್ನು ಮಾಡಬೇಕಾದವಳು ನಾನು.

ನಿಮ್ಮ ಸೊಸೆ