ಕಲ್ಲು ಮುಚ್ಚಿದ ಮುರುಗಪ್ಪ

ಜನವರಿ 6, ಸೋಮವಾರ

ಕಾಲೇಜಲ್ಲಿ ಪಾಠ ಮುಗಿಸಿ ಬಂದು ಬ್ಯಾಗ್ ಇಟ್ಟಿದ್ದೇ ತಡ, ಊರಿನ ಮಠದ ಕಾರ್ಯದರ್ಶಿ ಓಬಳೇಶಪ್ಪನವರ ಫೋನ್. ಮಠ ಕಟ್ಟಿದ ಗುಡ್ಡದಜ್ಜ ಜೀವಂತ ಸಮಾಧಿಯಾಗಿ ಐವತ್ತು ವರ್ಷವಂತೆ. ಸ್ಮರಣ ಸಂಚಿಕೆಗೆ ನಾನು ಬರೆಯಬೇಕಂತೆ.

'ಅವತ್ತು ಸಮಾಧಿ ಗುಂಡಿಗೆ ಕಲ್ಲು ಮುಚ್ಚಿದೋರಲ್ಲಿ ಉಳ್ದಿರೋದು ನಿಮ್ಮಪ್ಪಾರು ಒಬ್ರೇ ಕಣಮ್ಮ ದಾಕ್ಷಾಯಿಣಿ. ಕೇಳಿ ಬರೀರಿ.'

ಸ್ವಾಮಿಗಳ ಪವಾಡ ಅಂದರೇ ನನಗೆ ಮೈ ಉರಿ. ಆದರೂ ಹೂಂ ಅಂದೆ. ಅಪ್ಪ ಖುಷಿಪಡುತ್ತಾನೆ ಅಂತ.

ಜನವರಿ 9

ಅಪ್ಪನಿಗೆ ಟೀ ಕೊಟ್ಟು ಕೇಳಿದೆ. 'ಅಜ್ಜ ನಗ್ತಾ ಕುಂತಿದ್ರಂತೆ, ಹೌದೇನಪ್ಪ?'

ಲೋಟ ಕೆಳಗಿಟ್ಟ. ಎದ್ದು ಒಳಗೆ ಹೋದ. ಊಟವೂ ಬೇಡವಂತೆ.

ಜನವರಿ 19, ಬೆಳಗ್ಗೆ 11

ಅಪ್ಪ ತಾನಾಗೇ ಬಾಯಿಬಿಟ್ಟ. ಅಜ್ಜ ಎರಡು ಸಲ ದಿನ ಗೊತ್ತುಮಾಡಿ ಹಿಂಜರಿದಿದ್ದ. ಜನ ಆಡಿಕೊಂಡು ನಕ್ಕಿದ್ದರು. ಮೂರನೇ ಸಲ ಹೊಸದುರ್ಗದಿಂದೆಲ್ಲ ಜನವೋ ಜನ. ಗುಂಡಿಗೆ ಇಳಿಯುವಾಗ ಅಪ್ಪನಿಗೂ ಉಳಿದ ಶಿಷ್ಯರಿಗೂ ಹೇಳಿದನಂತೆ— 'ಕುಂತ ಮ್ಯಾಲೆ ನಾನೇನು ಕೇಳಿದ್ರೂ ಕೊಡಬ್ಯಾಡ್ರಿ. ಅದು ಮಾಯೆ ಮಾತಾಡೋದು.'

'ಏನು ಕೇಳಿದ್ರಪ್ಪ?'

'ಕೈ ಕೇಳಿದ್ರು ಕಣವ್ವ. ಮುರುಗ, ಕೈ ಕೊಡೋ, ಮ್ಯಾಲೆ ಬರ್ತೀನಿ ಅಂದ್ರು. ನಾನು ಮಾಯೆ ಅಂದ್ಕಂಡೆ… ಕಲ್ಲು ಎಳೆದ್ವಿ.'

ಅಯ್ಯೋ ಶಿವನೇ. ಎಪ್ಪತ್ತೈದರ ಅಪ್ಪ ಮಗುವಿನ ಹಾಗೆ ಅತ್ತ.

ಜನವರಿ 20

ರಜೆ ಹಾಕಿದೆ. ಅಜ್ಜನ ಮೇಲೆ ಕೆಂಡದಂಥ ಸಿಟ್ಟು. ವೈರಾಗ್ಯವಂತೆ, ವೈರಾಗ್ಯ! ದೇವರಾಗುವ ಹುಚ್ಚು. ಮತ್ತೆ ನಗೆಪಾಟಲಾಗುವ ಭಯ. ಸಾಯುವುದಿದ್ದರೆ ಸಾಯಬೇಕಿತ್ತು, ಇಪ್ಪತ್ತೈದರ ಹುಡುಗನ ಕೈಯಲ್ಲಿ ಯಾಕೆ ಮಾಡಿಸಿದ? …ಮೇಲೆತ್ತಿದ ಆ ಕೈ ನೆನೆದರೆ ಮಾತ್ರ ಬೈಯಲು ಬಾಯಿ ಬರುವುದಿಲ್ಲ. ಪಾಪ.

ಸಂಜೆ ಅಪ್ಪ ಅಂದ, 'ನಮ್ಮೋರಂಗೆ ನನ್ನ ಕೂರಿಸಿ ಮಣ್ಣು ಮಾಡಬ್ಯಾಡ. ಮಲಗ್ಸು. ಮಾತು ಕೊಡವ್ವ.'

ಕೊಟ್ಟೆ.

ಫೆಬ್ರವರಿ 23

ಅಪ್ಪ ಹೋಗಿ ಮೂರು ದಿನ. ಇವತ್ತೇ ಪೆನ್ ಹಿಡಿದಿದ್ದು.

ಊರಿಗೆ ಒಯ್ದೆವು. ಮಠದವರು ಆಗಲೇ ಗುಂಡಿ ತೋಡಿಸಿದ್ದರು, ಅಜ್ಜನ ಗದ್ದುಗೆ ಪಕ್ಕದಲ್ಲೇ. 'ಕೂರಿಸಾಣ. ಇಂಥ ಭಾಗ್ಯ ಯಾರಿಗೈತೆ?' ಅಂದರು ಓಬಳೇಶಪ್ಪ.

'ಬ್ಯಾಡ್ರಿ. ಮಲಗ್ಸು ಅಂತ ಕೇಳ್ಕಂಡಿದ್ದಾರೆ.'

'ಯಾಕಮ್ಮ? ಕಾರಣ ಹೇಳ್ರಿ, ಹಂಗೇ ಮಾಡಾಣ.'

ಊರೆಲ್ಲ ನನ್ನನ್ನೇ ನೋಡುತ್ತಿತ್ತು. ಹೇಳಿದರೆ ಹೆಣದ ಮುಂದೆಯೇ ಅಪ್ಪ ಕೊಲೆಗಾರನಾಗುತ್ತಿದ್ದ. ಸುಮ್ಮನಾದೆ.

ಕೂರಿಸಿದರು. ತಲೆ ಒಂದೇ ಕಡೆ ವಾಲುತ್ತಿತ್ತು. ಯಾರೋ ಬಟ್ಟೆ ಕಟ್ಟಿ ನೆಟ್ಟಗೆ ಮಾಡಿದರು. ಮೊದಲ ಹಿಡಿ ಮಣ್ಣು ಮಗಳೇ ಹಾಕಲಿ ಅಂದರು. ನಾನು— ಹಾಕಿದೆ. ಅವತ್ತು ಅಪ್ಪ ಕಲ್ಲು ಎಳೆದ ಹಾಗೆ.